ಹದ್ದಿನಾಚೆಯ ಉಸುಕು

ಪಕ್ಕದ ಮನೆಯವರು ಮೇಲಂತಸ್ತು ಕಟ್ಟಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಟಿಪ್ಪರ್ ಒಂದು ಹಿಂದಕ್ಕೆ ಹಿಂದಕ್ಕೆ ಬಂದು, ನಮ್ಮ ಗೇಟಿನ ಅರ್ಧಕ್ಕೆ ಅಡ್ಡವಾಗುವಂತೆ ಉಸುಕು ಸುರಿದು ಹೋಯಿತು. ರಾಯಚೂರಿನಲ್ಲಿ ಒಬ್ಬರು ಮನೆ ಕಟ್ಟಿದರೆ ಓಣಿಯೆಲ್ಲ ಅನುಭವಿಸಬೇಕು, ಅದು ಹೊಸದಲ್ಲ. ಆದರೂ ಸುಮ್ಮನಿರುವ ಜಾಯಮಾನ ನನ್ನದಲ್ಲ. ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆಂದೇ ಹೊರಗೆ ಬಂದೆ. ಮೇಸ್ತ್ರಿ ನನಗಿಂತ ಮೊದಲೇ ಬಾಯಿ ತೆಗೆದ.

"ಸಿಟ್ಟಾಗಬ್ಯಾಡ್ರಿ ಅಕ್ಕಾರ, ನಾಳಿ ನಾಡದ ಎತ್ತಿಬಿಡ್ತೀವಿ. ಇದು ಮಷಿನ್ ಉಸುಕಲ್ರಿ, ಖರೇ ಹೊಳಿ ಉಸುಕು. ಈಗ ಎಲ್ಲಿ ಸಿಗ್ತದರಿ ಇಂಥಾದ್ದು?"

ಅಷ್ಟರಲ್ಲಿ ನಾಲ್ಕು ಹನಿ ಮಳೆ ಬಿತ್ತು. ರಾಶಿಯಿಂದ ವಾಸನೆ ಎದ್ದಿತು. ಹಸಿ ಉಸುಕಿನ ವಾಸನೆ ಎಲ್ಲ ಕಡೆ ಒಂದೇ ಎಂದು ನಮ್ಮವರು ಹೇಳುತ್ತಾರೆ. ಒಂದೇ ಅಲ್ಲ. ದೇವದುರ್ಗದ ಕಡೆಯಿಂದ ಬರುವ ಕೃಷ್ಣೆಯ ಉಸುಕಿನ ಬಣ್ಣವೇ ಬೇರೆ, ವಾಸನೆಯೂ ಬೇರೆ. ಇದು ತುಂಗಭದ್ರೆಯದು. ಒಣಗಿದ ಪಾಚಿ, ಒಡೆದ ಚಿಪ್ಪು, ಅದರಡಿಯಲ್ಲಿ ಎಲ್ಲೋ ಎರೆಮಣ್ಣು. ಜಗಳದ ಮಾತು ಮರೆತೇಹೋಯಿತು. ಗೆದ್ದೆನೆಂದುಕೊಂಡು ಮೇಸ್ತ್ರಿ ಹೋದ. ನಾನು ಗೇಟು ಹಿಡಿದುಕೊಂಡು ಮಳೆಯಲ್ಲೇ ನಿಂತಿದ್ದೆ.

ಮಾನ್ವಿಯಲ್ಲಿ ಬಸ್ಸು ಹತ್ತಿ, ಕೊನೆಯ ಸ್ಟಾಪಿನಲ್ಲಿ ಇಳಿದು, ಹತ್ತಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ ನಡೆದರೆ ತುಂಗಭದ್ರೆಯ ದಂಡೆಯ ಮೇಲೆ ನಮ್ಮ ಊರು. ಹೆಸರು ಹೇಳುವುದಿಲ್ಲ. ಹೇಳಿದರೂ ಮಾನ್ವಿ ದಾಟಿದ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಹೊಳೆಗೆ ಮುಖ ಮಾಡಿದ ಪ್ರಾಣದೇವರ, ಎಂದರೆ ಹನುಮಂತನ, ಗುಡಿಯಿದೆ. ಅದರ ಪೂಜೆ ನನ್ನ ಗಂಡನ ಮನೆತನದ್ದು. ಪೇಟೆಯ ಹುಡುಗಿಯಾದ ನಾನು ಮದುವೆಯಾಗಿ ಅಲ್ಲಿಗೆ ಹೋದಾಗ ಹೊಳೆಯೆಂದರೆ ನನಗೆ ರೈಲಿನ ಕಿಟಕಿಯಿಂದ ಸೇತುವೆಯ ಕೆಳಗೆ ಕಂಡ ನೀರು, ಅಷ್ಟೆ. ನಮ್ಮವರಿಗೆ ಮಾತು ಕಮ್ಮಿ. ಮಂತ್ರ ಬಿಟ್ಟರೆ ಅವರ ಬಾಯಿಂದ ಹೊರಡುವುದು "ಹೂಂ", "ಊಹೂಂ", "ಎಲಿ ಹಾಕು", ಇಷ್ಟೇ. ಮೊದಲ ವರ್ಷದ ಸಂಸಾರವನ್ನು ಈ ಮೂರು ಮಾತಿನಲ್ಲೇ ಮಾಡಿದೆನೆಂದು ತವರಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಬೇಸಿಗೆಯಲ್ಲಿ ಹೊಳೆ ನಡುವಿಗೆ ಸರಿದುಬಿಡುತ್ತಿತ್ತು. ನಮ್ಮ ಕಡೆ ಉಸುಕೇ ಉಸುಕು. ಅದರಲ್ಲಿ ಮೊಣಕೈ ಇಳಿಯುವಷ್ಟು ತೋಡಿದರೆ ತಿಳಿನೀರು ಜಿನುಗುತ್ತಿತ್ತು. ಅದಕ್ಕೆ ವರ್ತಿ ಎನ್ನುತ್ತಾರೆ. ದೇವರ ಅಭಿಷೇಕಕ್ಕೆ ವರ್ತಿಯ ನೀರೇ ಆಗಬೇಕು. ಬೆಳಿಗ್ಗೆ ನಮ್ಮವರು ಮಡಿಯುಟ್ಟು ತಾಮ್ರದ ಕೊಡ ಹಿಡಿದು ಹೋಗುತ್ತಿದ್ದರು. ಉಳಿದವರಿಗೆ ಬೇರೆ ಬೇರೆ ವರ್ತಿಗಳಿದ್ದವು. ಯಾವ ವರ್ತಿ ಯಾರದು ಎಂಬುದಕ್ಕೂ ಆ ಊರಿನಲ್ಲಿ ಹದ್ದು ಇತ್ತು.

ಹದ್ದು ಎಂದರೆ ಅಲ್ಲಿ ಗಡಿ. ಹೋದ ಹೊಸತರಲ್ಲಿ ಯಾರೋ "ಅದು ನಮ್ಮ ಹದ್ದು" ಎಂದದ್ದಕ್ಕೆ ನಾನು ಹಕ್ಕಿಯೆಂದುಕೊಂಡು ಆಕಾಶ ನೋಡಿದ್ದೆ. ನಮ್ಮವರೂ ನಕ್ಕ ಒಂದೆರಡು ಸಂದರ್ಭಗಳಲ್ಲಿ ಅದೂ ಒಂದು. ಆಮೇಲೆ ಕೇಳಿದಲ್ಲೆಲ್ಲ ಅದೇ ಮಾತು. ಹೊಲಕ್ಕೆ ಹದ್ದು, ಕುರಿ ಮೇಯುವುದಕ್ಕೆ ಹದ್ದು, ಹೊಳೆಗೂ ಹದ್ದು. ಹೊಳೆಯ ನಟ್ಟನಡುವೆ ನಮ್ಮ ಸೀಮೆ ಮುಗಿದು ಆಂಧ್ರ ಶುರುವಾಗುತ್ತದೆ. ನೀರಿನ ಮೇಲೆ ಗೆರೆ ಎಳೆದವರು ಯಾರೆಂದು ಕೇಳಿದರೆ ಎಲ್ಲರೂ ನನ್ನನ್ನೇ ವಿಚಿತ್ರವಾಗಿ ನೋಡುತ್ತಿದ್ದರು.

ನಾನು ನೆನೆಯುತ್ತಿರುವುದು ನನ್ನ ಮಗಳು ತೀರಿಕೊಂಡ ವರ್ಷವನ್ನು. ಅವಳನ್ನು ಇಂದು ಎಂದು ಕರೆಯುತ್ತಿದ್ದೆವು. ಅತ್ತೆಯ ಹೆಸರು ಇಂದಿರಾಬಾಯಿ ಎಂದಿತ್ತು, ಅದನ್ನೇ ಇಟ್ಟಿದ್ದೆವು. ಚಳಿಗಾಲದಲ್ಲಿ ಜ್ವರ ಬಂತು. ಮಾನ್ವಿಗೆ ಓಡಿದೆವು, ಅಲ್ಲಿಂದ ರಾಯಚೂರಿಗೆ. ಡಾಕ್ಟರರು ಮಾಡುವುದನ್ನೆಲ್ಲ ಮಾಡಿದರು. ಬಾಡಿಗೆ ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ಗಾಳಿ ತಾಗೀತೆಂದು ಕಿವಿಗೆ ಕುಲಾವಿ ಸರಿಮಾಡುತ್ತಲೇ ಇದ್ದೆನಂತೆ. ನನಗೆ ನೆನಪಿಲ್ಲ, ನಮ್ಮವರು ಎಷ್ಟೋ ವರ್ಷದ ಮೇಲೆ ಹೇಳಿದರು.

ಅಂಗಳದಲ್ಲಿ ನಮ್ಮವರ ದೊಡ್ಡಪ್ಪ ನಿಂತಿದ್ದರು. ಊರಿನ ಹಿರಿಯರು, ಶಾಸ್ತ್ರ ಬಲ್ಲವರು. ಮೆಲ್ಲನೆ ಕೇಳಿದರು.

"ಹಲ್ಲು ಬಂದಿದ್ವೇನು?"

ನಮ್ಮವರು ನನ್ನ ಮುಖ ನೋಡಿದರು. ಹಲ್ಲಿನ ವಿಷಯ ತಾಯಿಗಲ್ಲದೆ ಯಾರಿಗೆ ಗೊತ್ತಿರುತ್ತದೆ? ಅದರ ಹಿಂದಿನ ವಾರವಷ್ಟೇ ಬೆರಳಿನಿಂದ ಜೇನು ನೆಕ್ಕಿಸುವಾಗ ಕೆಳಗಿನ ಒಸಡು ಗಟ್ಟಿಯಾಗಿ ತಾಗಿತ್ತು. ಬಿಳಿ ಮಾತ್ರ ಕಂಡಿರಲಿಲ್ಲ.

"ಇನ್ನೂ ಬಂದಿಲ್ಲ" ಎಂದೆ.

ಆ "ಇನ್ನೂ" ಎಂಬ ಮಾತಿಗೆ ಅಲ್ಲಿದ್ದ ಹೆಂಗಸರೆಲ್ಲ ಅತ್ತುಬಿಟ್ಟರು.

ಹಲ್ಲು ಬರದ ಕೂಸಿಗೆ ನಮ್ಮಲ್ಲಿ ಬೆಂಕಿಯಿಲ್ಲ, ಮಣ್ಣು. ಮನೆಯವರ ಸೂತಕ ಒಂದು ಸ್ನಾನಕ್ಕೆ ಮುಗಿಯುತ್ತದೆ. ಎಳ್ಳುನೀರು ಬಿಡುವುದಿಲ್ಲ, ತಿಥಿ ಮಾಡುವುದಿಲ್ಲ, ಗುರುತಿಗೊಂದು ಕಲ್ಲು ಇಡುವಂತಿಲ್ಲ. ಎಷ್ಟು ಬೇಗ ಮರೆತರೆ ಅಷ್ಟು ಒಳ್ಳೆಯದೆಂದು ಹಿಂದಿನವರು ಕರುಣೆಯಿಂದಲೇ ಮಾಡಿಟ್ಟಿರಬೇಕು. ಆ ಕರುಣೆ ನನಗೆ ಬೇಕಿರಲಿಲ್ಲ. ಶಾಸ್ತ್ರದ ಹದ್ದು ಹಲ್ಲಿನ ಹತ್ತಿರ ಇತ್ತು, ನನ್ನ ಮಗಳು ಅದರ ಆಚೆ ಉಳಿದಳು. ನಮ್ಮವರು ಎರಡೂ ಕೈಯಲ್ಲಿ ಎತ್ತಿಕೊಂಡು ಹೊಳೆಯ ದಾರಿ ಹಿಡಿದರು. ಹೆಂಗಸರು ಹೋಗುವಂತಿಲ್ಲ. ನಾನು ಬಾಗಿಲವರೆಗೆ ಹೋದೆ.

ಮರುದಿನ ಬೆಳಿಗ್ಗೆ ಗುಡಿಯಲ್ಲಿ ಎಂದಿನಂತೆ ಗಂಟೆ ಕೇಳಿಸಿತು. ನನಗೆ ತಡೆಯಲಾರದ ಸಿಟ್ಟು ಬಂತು. ದೇವರ ಮೇಲಲ್ಲ, ಗಂಟೆ ಬಾರಿಸುತ್ತಿದ್ದ ಕೈಯ ಮೇಲೆ. ಬಂದ ಮೇಲೆ, ಎಲ್ಲಿ ಇಟ್ಟಿರಿ ಎಂದು ಕೇಳಿದೆ.

"ಕೇಳಬಾರದು" ಎಂದರು. ಅಂದಿನಿಂದ ಮಗಳ ಹೆಸರು ಅವರ ಬಾಯಿಂದ ಬರಲಿಲ್ಲ.

ಹೇಳಿದ್ದು ಮಾಳಮ್ಮ. ಕುರಿ ಮೇಯಿಸುವ ಮನೆತನದವಳು, ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಬಟ್ಟೆ ಒಗೆಯಲು ಹೊಳೆಗೆ ಹೋದಾಗ ದಿನಾ ಕಾಣುತ್ತಿದ್ದಳು. ನೀರು ಮುಟ್ಟದಂತೆ ದೂರ ನಿಂತು ಮಾತನಾಡುವುದು ಅವಳ ರೂಢಿ. ಅಂದು ಬಂದವಳು ನೇರ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಅವ್ವಾರ, ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ. ನಿಮ್ ಕೂಸು ಎಲ್ಲಿ ಮಲಗ್ಯದ ಅಂತ ನನಗ ಗೊತ್ತದರಿ. ಅಗಾ, ಅಲ್ಲಿ ದಂಡಿ ಮ್ಯಾಲ ದೊಡ್ಡ ಜಾಲಿಗಿಡ ಕಾಣ್ತದಲ್ರಿ? ಅದರ ಬುಡಕ್ಕ. ಬಾಜೂಕ ನನ್ ಮಗಾನೂ ಅದಾನ್ರಿ."

ಅವಳ ಮಗ ಹೋಗಿ ಮೂರು ವರ್ಷವಾಗಿತ್ತು. ನನ್ನ ಕೈಯಲ್ಲಿದ್ದ ಸೀರೆ ನೀರಿನಲ್ಲಿ ಹೋಯಿತು. ಅವಳೇ ಎದ್ದು ಹಿಡಿದು ತಂದಳು.

"ನಾಯಿ ನರಿ ಕೆದರಬಾರದಂತ ಆವತ್ತೇ ಮುಳ್ಳು ಕಡಿದು ಒಟ್ಟೀನ್ರಿ. ಕುರಿನೂ ಆ ಕಡಿ ಬಿಡಂಗಿಲ್ಲ" ಎಂದಳು. ಮತ್ತೆ ನೆಲ ನೋಡುತ್ತ ಹೇಳಿದಳು. "ಅಮಾಸಿಗಿ ನನ್ ಮಗಗ ಹಾಲು ಎರೀತೀನ್ರಿ. ಚರಗಿಯಾಗ ಉಳಿದಿದ್ದು ಒಂದೀಟು ನಿಮ್ ಕೂಸಿಗೂ ಎರ್ದೆ. ಕುರಿ ಹಾಲರಿ. ನಿಮ್ ಮಂದಿಗಿ ನಡೀತದೋ ಇಲ್ಲೋ, ನನಗ ತಿಳೀಲಿಲ್ಲ."

"ನಡೀತದ ಮಾಳಮ್ಮ" ಎಂದೆ. "ಕೂಸಿಗೆ ಹಸಿವಾದ್ರ ಯಾವ ಹಾಲಾದ್ರೇನು?"

ಮಗು ಹೋದ ಮೇಲೆ ನಾನು ಮನಸಾರೆ ಅತ್ತದ್ದು ಅಂದು, ಆ ಒಗೆಯುವ ಬಂಡೆಯ ಮೇಲೆ. ಆಮೇಲೆ ದಿನಾ ಬಟ್ಟೆ ಒಗೆಯುವ ನೆಪದಲ್ಲಿ ಜಾಲಿಗಿಡ ನೋಡಿ ಬರುತ್ತಿದ್ದೆ. ಹತ್ತಿರ ಹೋಗುತ್ತಿರಲಿಲ್ಲ. ದೂರದಿಂದ ಮುಳ್ಳಿನ ರಾಶಿ ಕಂಡರೆ ಸಾಕಾಗುತ್ತಿತ್ತು. ಒಗೆಯಲು ಬಟ್ಟೆಯಿಲ್ಲದ ದಿನ ತೊಳೆದದ್ದನ್ನೇ ತೊಳೆದಿದ್ದೂ ಉಂಟು.

ಮಾಘ ಮಾಸ ಮುಗಿಯುವ ಹೊತ್ತಿಗೆ ಆಚೆ ದಂಡೆಯ ಕಡೆ ಬೋಟುಗಳು ಬಂದವು. ಬೋಟಿನ ಮೇಲೊಂದು ಎಂಜಿನ್ನು, ನೀರಿನೊಳಕ್ಕೆ ಇಳಿಬಿಟ್ಟ ದಪ್ಪ ಪೈಪು. ತಳದ ಉಸುಕನ್ನು ನೀರಿನ ಸಮೇತ ಹೀರಿ ಆಚೆ ದಂಡೆಗೆ ಚೆಲ್ಲುತ್ತಿದ್ದವು. ಅಲ್ಲಿ ಲಾರಿಗಳು ಸಾಲಾಗಿ ನಿಂತಿರುತ್ತಿದ್ದವು. ಬೆಳಗಿನಿಂದ ಸಂಜೆಯವರೆಗೆ ಡುಗುಡುಗು ಸದ್ದು. ಮೊದಮೊದಲು ಊರಿನವರು ದಂಡೆಗೆ ಬಂದು ಜಾತ್ರೆ ನೋಡಿದಂತೆ ನೋಡಿದರು. ಗುಡಿಯ ಕಟ್ಟೆಯ ಮೇಲೆ ಅದೇ ಮಾತು.

"ಅವ್ರ ಉಸುಕು ಅವ್ರು ತಗೀತಾರ, ನಮಗೇನು ಬಂತಪಾ? ಹದ್ದಿನಾಚಿ ಅದ."

ನಮ್ಮ ಹುಡುಗರು ಕೆಲವರು ತೆಪ್ಪದಲ್ಲಿ ಆಚೆಗೆ ಹೋಗಿ ಆ ಬೋಟುಗಳ ಮೇಲೆ ಕೂಲಿಗೂ ಸೇರಿದರು. ಬೋಟಿನವರು ಒಳ್ಳೆಯವರೇ ಆಗಿದ್ದರೋ, ಜಾಣರಾಗಿದ್ದರೋ ಕಾಣೆ, ಗುಡಿಯ ಸುತ್ತಲಿನ ಪೌಳಿಗೋಡೆ ಬಿದ್ದಿದೆಯೆಂದು ಕೇಳಿ ಒಂದು ಟಿಪ್ಪರ್ ಉಸುಕನ್ನು ಸೇತುವೆ ಸುತ್ತಿ ಕಳಿಸಿಕೊಟ್ಟರು. ದೇವರ ಕೆಲಸಕ್ಕೆ ಕೊಟ್ಟದ್ದು, ಒಲ್ಲೆನೆನ್ನಬಾರದೆಂದು ನಮ್ಮವರು ಇಳಿಸಿಕೊಂಡರು. ಗೋಡೆ ಚೆನ್ನಾಗಿ ಆಯಿತು. ಊರೆಲ್ಲ ಬಂದು ಸಿಮೆಂಟಿನ ಗಿಲಾಯಿ ಸವರಿ ನೋಡಿ ಹೊಗಳಿತು.

ಯುಗಾದಿ ಕಳೆದ ಮೇಲೆ ವರ್ತಿ ಬತ್ತತೊಡಗಿತು. ಮೊಣಕೈ ಇಳಿಸಿದರೆ ಬರುತ್ತಿದ್ದ ನೀರಿಗೆ ಆಳುದ್ದ ತೋಡಬೇಕಾಯಿತು. ಬಂದರೂ ಕಲಕು. ನಮ್ಮವರು ಕೊಡ ಹಿಡಿದು ಹೊಳೆಯ ನಡುವಿನವರೆಗೆ ನಡೆಯತೊಡಗಿದರು. ಹೊಳೆಗೆ ಮೋಟಾರು ಇಟ್ಟವರ ಪೈಪುಗಳು ನೀರು ತಪ್ಪಿ ಗಾಳಿಗೆ ಬಂದವು. ನಮ್ಮ ಕಡೆಯ ಉಸುಕಿನ ಹಾಸು ದಿನದಿನಕ್ಕೆ ಸಣ್ಣದಾಗುತ್ತಿತ್ತು. ನಮ್ಮದನ್ನು ಯಾರೂ ಮುಟ್ಟಿರಲಿಲ್ಲ. ಆಚೆ ತೋಡಿದ ಗುಂಡಿಗೆ ಅದು ತಾನಾಗಿಯೇ ಜಾರಿಹೋಗುತ್ತಿತ್ತು.

"ಹೊಳಿ ತಳದಾಗ ಹದ್ದಿನ ಕಲ್ಲು ನಟ್ಟಾವನು ಯಾವನು ಅದಾನ?" ಎಂದು ದಂಡೆಯ ಮೇಲೆ ಹೊಲವಿದ್ದ ಶರಣಪ್ಪ ಗೌಡರು ಒಂದು ದಿನ ಕಟ್ಟೆಯ ಮೇಲೆ ಕೂಗಾಡಿದರು. ಹದ್ದಿನ ಮಾತನ್ನು ಎಲ್ಲರಿಗಿಂತ ಹೆಚ್ಚು ಆಡಿದವರೂ ಅವರೇ. ಅಂದು ಅವರ ಜೋಳದ ಹೊಲದ ಅಂಚು ಬಿರುಕು ಬಿಟ್ಟಿತ್ತು.

ಆ ಬಿರುಕನ್ನು ನಾನೂ ನೋಡಿದೆ. ನಮ್ಮ ದಂಡೆ ಮೇಲೆ ಎರೆಮಣ್ಣು, ಕೆಳಗೆ ಉಸುಕು. ಕೆಳಗಿನದು ಜಾರಿದ ಮೇಲೆ ಮೇಲಿನದಕ್ಕೆ ಕಾಲೇ ಇರಲಿಲ್ಲ. ಬೇಸಿಗೆಯಲ್ಲಿ ಎರೆ ಬಿರಿಯುವುದು ಸಹಜ, ಆದರೆ ಇದು ಅಂಥದಲ್ಲ. ದಂಡೆಯ ಉದ್ದಕ್ಕೂ ಒಂದೇ ಗೆರೆಯಾಗಿ ಓಡಿತ್ತು. ಗೌಡರ ಹೊಲದಿಂದ ಹೊರಟು, ಗುಡಿಯ ಮೆಟ್ಟಿಲ ಹತ್ತಿರ ಹಾದು, ಜಾಲಿಗಿಡದ ಹಿಂದಕ್ಕೆ ಹೋಗಿತ್ತು. ಗಿಡ ಗೆರೆಯಿಂದ ಹೊಳೆಯ ಕಡೆಗಿತ್ತು.

ಜ್ಯೇಷ್ಠದಲ್ಲಿ ಊರಿನವರು ಮಾನ್ವಿಗೆ ಹೋದರು, ರಾಯಚೂರಿಗೂ ಹೋದರು. ಕೊನೆಗೊಬ್ಬ ಸಾಹೇಬರು ಬಂದು ಗುಡಿಯ ಕಟ್ಟೆಯ ಮೇಲೆ ಕೂತರು. ಸಭ್ಯ ಮನುಷ್ಯ, ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿಯೇ ಕೂತಿದ್ದರು. ಗಂಡಸರು ಒಬ್ಬೊಬ್ಬರಾಗಿ ಮೋಟಾರು, ಹೊಲ, ಗುಡಿಯ ಮೆಟ್ಟಿಲು ಎಂದು ಹೇಳಿಕೊಂಡರು. ನಾವು ಹೆಂಗಸರು ಪೌಳಿಯ ಬಾಗಿಲಲ್ಲಿ ನಿಂತಿದ್ದೆವು. ಸಾಹೇಬರು ಎಲ್ಲ ಕೇಳಿ ನಿಟ್ಟುಸಿರುಬಿಟ್ಟರು.

"ನೀವು ಹೇಳೂದು ಖರೇ ಅದ. ಆದ್ರ ಬೋಟು ನಮ್ಮ ಹದ್ದಿನಾಗ ಇಲ್ಲಲ್ರಿ. ಆಚಿ ರಾಜ್ಯದವ್ರಿಗೆ ಬರೀಬೇಕು, ಅವ್ರು ನೋಡಬೇಕು. ಟೈಮ್ ಹಿಡೀತದ."

ಯಾರೂ ಜಾಲಿಗಿಡದ ಬುಡದ ಸುಡುಗಾಡಿನ ಮಾತು ಎತ್ತಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮಾಳಮ್ಮ ಮುಂದೆ ಬಂದಳು.

"ಯಪ್ಪಾ, ನಮ್ಮ ಕೂಸುಗಳು ಅದಾವರಿ ಆ ದಂಡಿ ಮ್ಯಾಲ. ಅವು ಹೋಗಿಬಿಡ್ತಾವರಿ."

ಸಾಹೇಬರು ಗಾಬರಿಯಾಗಿ ಎದ್ದು ನಿಂತರು.

"ಕೂಸುಗಳನ್ನ ಯಾಕ ಅಲ್ಲಿ ಬಿಡ್ತೀರಿ? ದಂಡಿ ಕುಸೀಲಿಕತ್ತದಂತ ಗೊತ್ತದ. ಮದ್ಲು ಮನಿಗೆ ಕರಕೊಂಡು ಬರ್ರಿ! ಮನಿಯಾಗ ಇಟ್ಟುಕೊಳ್ರಿ!"

ಗೌಡರು ತಲೆ ತಗ್ಗಿಸಿದರು. ನಮ್ಮವರು ಎದ್ದು ಗರ್ಭಗುಡಿಯೊಳಗೆ ಹೋಗಿಬಿಟ್ಟರು. ಸಾಹೇಬರಿಗೆ ಕೊನೆಗೂ ಯಾರೋ ಕಿವಿಯಲ್ಲಿ ಹೇಳಿದರೆಂದು ಕಾಣುತ್ತದೆ. ಜೀಪು ಹತ್ತುವ ಮೊದಲು ಮಾಳಮ್ಮನ ಎದುರು ಬಂದು ನಿಂತು, ಕೈಮುಗಿದು ಹೋದರು. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ.

ಆದರೆ ಅವರ ಮಾತು ಮಾಳಮ್ಮನ ತಲೆಯಲ್ಲಿ ಕೂತುಬಿಟ್ಟಿತು. ಎರಡು ದಿನ ಬಿಟ್ಟು ಬಟ್ಟೆ ಒಗೆಯುವಲ್ಲಿಗೆ ಬಂದಳು.

"ಸಾಹೇಬ ಖರೇನ ಹೇಳ್ಯಾನ್ರಿ ಅವ್ವಾರ. ಮನಿಗಿ ಕರಕೊಂಡು ಬರೂದೇ ಸೈ. ನಮ್ಮ ಬೀರಪ್ಪನ ಗುಡಿ ಹಿಂದ ಮ್ಯಾಲಿನ ಹೊಲ ಅದ, ಅಲ್ಲಿ ಹೊಳಿ ಬರಂಗಿಲ್ಲ. ನನ್ನ ಗಂಡಗ ಹೇಳೀನಿ, ಬರೂ ಸೋಮಾರ ಅಗೀತಾನ. ಏನೂ ಸಿಗದಿದ್ರೂ ಹಿಡಿ ಮಣ್ಣು ತಂದು ಇಡ್ತೀವಿ. ನಿಮ್ಮದನ್ನೂ ತರ್ಲೇನ್ರಿ? ಇಬ್ಬರನ್ನೂ ಬಾಜೂ ಬಾಜೂಕ ಇಡ್ತೀವಿ. ಇಷ್ಟು ದಿನ ಹಂಗೇ ಅದಾವಲ್ರಿ, ಜೋಡಿ ಬಿಡಿಸಬಾರದು."

ಅಂದು ಮನೆಗೆ ಬಂದು, ಎಲೆಯ ಮುಂದೆ ಕೂತಿದ್ದ ನಮ್ಮವರಿಗೆ ಎಲ್ಲ ಹೇಳಿಬಿಟ್ಟೆ. ಜಾಲಿಗಿಡ ನನಗೆ ಗೊತ್ತೆಂಬುದನ್ನೂ, ಕುರಿಯ ಹಾಲನ್ನೂ. ಅನ್ನಕ್ಕೆ ಕೈ ಹಾಕಿದವರು ಹಾಗೇ ಕೂತರು.

"ಭೂಮಿಗೆ ಕೊಟ್ಟದ್ದನ್ನ ತಿರುಗಿ ಕೇಳಬಾರದು" ಎಂದರು. "ಶಾಸ್ತ್ರದಾಗ ಇಲ್ಲ."

"ನಿಮ್ಮ ಶಾಸ್ತ್ರದಾಗ ನನ್ನ ಮಗಳೇ ಇಲ್ಲಲ್ರಿ" ಎಂದೆ. "ಎಳ್ಳಿಲ್ಲ, ನೀರಿಲ್ಲ, ಕಲ್ಲಿಲ್ಲ. ಇನ್ನ ಹೊಳಿ ಒಯ್ದ್ರ ನಿಮಗೇನು?"

ಅಷ್ಟು ಜೋರಾಗಿ ನಾನು ಎಂದೂ ಮಾತಾಡಿರಲಿಲ್ಲ. ಅವರು ಊಟ ಮುಗಿಸುವ ಉತ್ತರಾಪೋಶನ ತೆಗೆದುಕೊಂಡು ಎದ್ದುಹೋದರು. ಎಲೆಯಲ್ಲಿ ಅನ್ನ ಹಾಗೇ ಉಳಿಯಿತು. ನಾಲ್ಕು ದಿನ ಇಬ್ಬರಿಗೂ ಮಾತಿಲ್ಲ, ಆ ಮೂರು ಮಾತುಗಳೂ ಇಲ್ಲ. ಶುಕ್ರವಾರ ವರ್ತಿಯಿಂದ ನೀರು ತಂದವರು, ಕೊಡ ಇಳಿಸಿ, ಬೆನ್ನು ತಿರುಗಿಸಿಕೊಂಡೇ ಹೇಳಿದರು.

"ದಿನಾ ನೀರಿಗೆ ಹೋಗೂವಾಗ ನೋಡ್ತೀನಿ. ಬಿರುಕು ಅಗಲ ಆಗ್ಲಿಕತ್ತದ. ಸೋಮವಾರ ನಾನೂ ಬರ್ತೀನಂತ ಮಾಳಮ್ಮಗ ಹೇಳು. ಜಾಗ ಅಕಿಗೆ ಅಂದಾಜು ಗೊತ್ತಿರಬಹುದು. ನನಗ ಸರಿಯಾಗಿ ಗೊತ್ತದ."

ಇಷ್ಟು ದಿನ ಅವರೂ ನನ್ನಂತೆಯೇ ದೂರದಿಂದ ನೋಡಿ ಬರುತ್ತಿದ್ದರೆಂದು ನನಗೆ ಆಗ ತಿಳಿಯಿತು. ಒಂದೇ ಮನೆಯಿಂದ ಇಬ್ಬರು, ಒಬ್ಬರಿಗೊಬ್ಬರು ಹೇಳದೆ. ನಾನು ಓಡುತ್ತ ಹೋಗಿ ಮಾಳಮ್ಮನಿಗೆ ಸುದ್ದಿ ಮುಟ್ಟಿಸಿದೆ. "ಹಾಲು ನಾನು ತರ್ತೀನಿ ಈ ಸಲ" ಎಂದೂ ಹೇಳಿದೆ.

ಶನಿವಾರ ಹೊಳೆ ಬಂತು. ನಮ್ಮಲ್ಲಿ ಮಳೆ ಅಷ್ಟೇನೂ ಇರಲಿಲ್ಲ. ಮೇಲೆ ಎಲ್ಲೋ ಸುರಿದು, ಡ್ಯಾಮಿನ ನೀರು ಬಿಟ್ಟಿದ್ದರು. ಹಲಗೆ ಬಡಿಯುತ್ತ ಊರೆಲ್ಲ ಸಾರಿಕೊಂಡು ಹೋದರು. ಬೋಟುಗಳನ್ನು ಹಿಂದಿನ ದಿನವೇ ದಂಡೆಗೆ ಎಳೆದಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಕೆಂಪು ನೀರು ಈ ದಡದಿಂದ ಆ ದಡಕ್ಕೆ ತುಂಬಿ ಹರಿಯುತ್ತಿತ್ತು. ಪ್ರತಿ ವರ್ಷವೂ ತುಂಬುತ್ತಿತ್ತು, ಬಾಗಿನ ಬಿಡುತ್ತಿದ್ದೆವು. ಆ ವರ್ಷ ಬಂದ ಹೊಳೆಗೆ ನಮ್ಮ ಕಡೆ ತಡೆಯಲು ಉಸುಕೇ ಇರಲಿಲ್ಲ. ನೇರ ಬಂದು ಎರೆಮಣ್ಣಿಗೆ ಹೊಡೆಯುತ್ತಿತ್ತು.

ಮಾಳಮ್ಮ ಅಂಗಳಕ್ಕೆ ಬಂದು ಕೂಗಿದಳು. "ಅವ್ವಾರ! ಗಿಡ ವಾಲ್ಯಾದ್ರಿ!"

ಹೇಗೆ ಓಡಿದೆನೋ ತಿಳಿಯದು. ಸುಡುಗಾಡಿಗೆ ಹೆಂಗಸರು ಬರಬಾರದೆಂದು ಅಂದು ಯಾರೂ ಹೇಳಲಿಲ್ಲ. ನಾವು ಹೋದಾಗ ಗೌಡರ ಹೊಲದ ಅಂಚು ಹೋಗಿತ್ತು. ದಂಡೆ ಬೀಳುವಾಗ ದೊಡ್ಡ ಸದ್ದಾಗುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ. ಒಂದು ಮಗ್ಗುಲು ನೆಲ ಸುಮ್ಮನೆ ಕೆಳಗೆ ಕೂರುತ್ತದೆ, ಆಮೇಲೆ ನೀರು ಅದನ್ನು ಕರಗಿಸಿಕೊಂಡು ಹೋಗುತ್ತದೆ. ಜಾಲಿಗಿಡ ಹೊಳೆಯ ಕಡೆಗೆ ಬಾಗಿತ್ತು. ಬುಡದಲ್ಲಿ ಮುಳ್ಳಿನ ರಾಶಿ ಇನ್ನೂ ಇತ್ತು. ಅದನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಷ್ಟು ಸಣ್ಣ ಜಾಗ ಎನ್ನಿಸಿತು.

ನಮ್ಮವರು ಗುಡಿಯಿಂದ ಮಡಿಯಲ್ಲೇ ಬಂದಿದ್ದರು. ಬಿರುಕಿನ ಹತ್ತಿರ ಹೋಗಿ ನಿಂತರು. ಮತ್ತೆ ಒಂದು ಕಾಲು ಆಚೆಗೆ ಇಟ್ಟರು.

"ಆಚಾರ್ರೇ, ಹಿಂದಕ ಸರೀರಿ! ನಿಮ್ ಪಾದ ಮುಗೀತೀನಿ, ಸರೀರಿ!" ಎಂದು ಮಾಳಮ್ಮ ಕಿರುಚಿದಳು. ಮಡಿ ಮೈಲಿಗೆ ನೋಡದೆ ಪಂಚೆಯ ಅಂಚು ಹಿಡಿದು ಎಳೆದಳು. ಅವರು ಹಿಂದಕ್ಕೆ ಬಿದ್ದರು. ಅವರು ಕಾಲಿಟ್ಟಿದ್ದ ನೆಲ ಕುಸಿಯಿತು. ಗಿಡ ಬಾಗಿದ್ದಂತೆಯೇ ಇಳಿದು, ಕೆಳಗೆ ಹೋದ ಮೇಲೆ ಮಗುಚಿತು. ಮುಳ್ಳಿನ ರಾಶಿ ಬಿಡಿಬಿಡಿಯಾಗಿ ಸ್ವಲ್ಪ ದೂರ ತೇಲಿತು. ಅದು ಕಣ್ಮರೆಯಾಗುವವರೆಗೆ ನಾವು ಮೂವರೂ ನೋಡುತ್ತ ಕೂತಿದ್ದೆವು, ಹಸಿ ನೆಲದಲ್ಲಿ, ಒಬ್ಬರಿಗೊಬ್ಬರು ತಾಗಿಕೊಂಡು. ಸೋಮವಾರಕ್ಕೆಂದು ಮಾಳಮ್ಮನ ಗಂಡ ಹೊಸ ಕಾವು ಹಾಕಿಸಿದ್ದ ಗುದ್ದಲಿ ಅವರ ಮನೆಯ ಬಾಗಿಲಲ್ಲಿ ಹಾಗೇ ಇತ್ತು.

ಆ ಅಮಾವಾಸ್ಯೆಗೆ ಮಾಳಮ್ಮ ಚರಗಿಯಲ್ಲಿ ಹಾಲು ಹಿಡಿದು ಬಂದಳು. ಗುಡಿಯ ಮೆಟ್ಟಿಲಲ್ಲಿ ಮೇಲಿನ ಕೆಲವು ಮಾತ್ರ ಉಳಿದಿದ್ದವು. ಅಲ್ಲಿ ನಿಂತು ಹೊಳೆ ನೋಡಿದಳು.

"ಎಲ್ಲಿ ಅಂತ ಎರೀಲಿರಿ ಅವ್ವಾರ? ಈಗ ಹೊಳಿ ತುಂಬ ಅದಾವ."

ನಿಂತಲ್ಲಿಂದಲೇ ಎರೆದಳು, ಅರ್ಧ ಎರೆದು ಚರಗಿಯನ್ನು ನನ್ನ ಕೈಗೆ ಕೊಟ್ಟಳು. ಹೊಳೆ ಇಳಿದ ಮೇಲೆ ಬೋಟುಗಳು ಮತ್ತೆ ಬಂದವು. ಹೊಸ ಉಸುಕು ಬಂದು ಬಿದ್ದಿತ್ತಲ್ಲ. ಲಾರಿಗಳು ಮತ್ತೆ ಸಾಲಾಗಿ ನಿಂತವು. ಆ ಸದ್ದನ್ನು ನನ್ನಿಂದ ಕೇಳಲಾಗಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಪೂಜೆಯನ್ನು ಮೈದುನನಿಗೆ ಒಪ್ಪಿಸಿ ನಾವು ರಾಯಚೂರಿಗೆ ಬಂದೆವು. ಇಲ್ಲಿ ಓಣಿಯ ಗುಡಿಯೊಂದರಲ್ಲಿ ನಮ್ಮವರ ಪೂಜೆ, ಅಭಿಷೇಕಕ್ಕೆ ನಲ್ಲಿ ನೀರು. ದಂಡೆಯ ಮೇವು ಹೋದ ಮೇಲೆ ಮಾಳಮ್ಮ ಕುರಿಗಳನ್ನು ಕುರ್ಡಿ ಊರಿನ ಕಡೆ ಹೊಡೆದುಕೊಂಡು ಹೋದಳು. ಆಗಾಗ ಫೋನು ಮಾಡಿ "ಆರಾಮದೀರೇನ್ರಿ ಅವ್ವಾರ?" ಎನ್ನುತ್ತಾಳೆ. ಆ ವಿಷಯ ಇಬ್ಬರೂ ಎತ್ತುವುದಿಲ್ಲ.

ಪಕ್ಕದ ಮನೆಯ ಉಸುಕನ್ನು ನಿನ್ನೆ ಸೋಸಿದರು. ಜರಡಿಯನ್ನು ಓರೆಯಾಗಿ ನಿಲ್ಲಿಸಿ ಒಬ್ಬ ಸಲಿಕೆಯಿಂದ ಎಸೆಯುತ್ತಿದ್ದ. ನುಣುಪಾದದ್ದು ಆಚೆ, ಹರಳು ಚಿಪ್ಪು ಈಚೆ ನಮ್ಮ ಗೇಟಿನ ಬಳಿ. ಕೆಲಸದವರು ಊಟಕ್ಕೆ ಹೋದಾಗ ಹೋಗಿ ಆ ಹರಳಿನ ಮುಂದೆ ಕೂತೆ. ಏನು ಹುಡುಕುತ್ತಿದ್ದೇನೆಂದು ನನಗೆ ಗೊತ್ತು, ಸಿಗುವುದಿಲ್ಲವೆಂದೂ ಗೊತ್ತು. ತುಂಗಭದ್ರೆ ಎಷ್ಟು ದೊಡ್ಡದು, ಎಷ್ಟು ವರ್ಷವಾಯಿತು. ನನ್ನಷ್ಟು ಹುಚ್ಚಿ ಇನ್ನೊಬ್ಬಳಿಲ್ಲ ಎಂದುಕೊಳ್ಳುತ್ತಲೇ ಕೈಯಾಡಿಸಿದೆ. ಬಿಳಿಯದೊಂದು ಸಿಕ್ಕಿತು, ಅಕ್ಕಿಕಾಳಿಗಿಂತ ತುಸು ದೊಡ್ಡದು, ಹಾಲುಹಲ್ಲಿನಂತೆ. ತಿರುಗಿಸಿ ನೋಡಿದೆ. ಕಲ್ಲು. ಬರೀ ಬೆಣಚುಕಲ್ಲು. ಬಿಸಾಡಬೇಕೆಂದು ಎದ್ದವಳಿಗೆ ಬಿಸಾಡಲಾಗಲಿಲ್ಲ. ತಂದು ತೊಳೆದು ಹಿತ್ತಲಿನ ತುಳಸಿಯ ಬುಡದಲ್ಲಿ ಇಟ್ಟೆ.

ಇಂದು ಬೆಳಿಗ್ಗೆ ನಮ್ಮವರು ತುಳಸಿಗೆ ನೀರು ಹಾಕಲು ಬಂದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕಲ್ಲು ಅವರ ಕಣ್ಣಿಗೆ ಬಿತ್ತು. ಬಗ್ಗಿ ನೋಡಿದರು, ಆಚೆ ಗೇಟಿನ ಬಳಿಯ ಉಸುಕನ್ನು ನೋಡಿದರು, ಮತ್ತೆ ಕಲ್ಲನ್ನು ನೋಡಿದರು. ಎತ್ತಿ ಹೊರಗೆ ಹಾಕುತ್ತಾರೆಂದು ನಾನು ಜಗಳಕ್ಕೆ ಸಿದ್ಧಳಾಗಿಯೇ ಇದ್ದೆ. ಅವರು ಒಳಗೆ ಹೋಗಿ ದೇವರಮನೆಯ ಎಳ್ಳಿನ ಡಬ್ಬಿ ತಂದರು. ಅಂಗೈಯಲ್ಲಿ ನಾಲ್ಕು ಕಾಳು ಇಟ್ಟುಕೊಂಡು, ಉದ್ಧರಣೆಯಿಂದ ನೀರು ಹಾಕಿ, ಹೆಬ್ಬೆರಳ ಪಕ್ಕದಿಂದ ಕಲ್ಲಿನ ಮೇಲೆ ಬಿಟ್ಟರು. ಹಾಗೆ ನೀರು ಬಿಡಬೇಕಾದರೆ ಹೋದವರ ಹೆಸರು ಹೇಳಲೇಬೇಕು. ಅವರ ತುಟಿ ಅಲುಗಿತು.

ಒಳಗೆ ಬಂದು, ನನ್ನ ಕಡೆ ನೋಡದೆ, "ಎಲಿ ಹಾಕು" ಎಂದರು.